ಕೊನೆಯ ಹಾಡಿನಲ್ಲಿ ಸಿಕ್ಕಿಕೊಳ್ಳುತ್ತಿದ್ದ ಟೋನ್‌ಆರ್ಮ್: ನಾನು ಸರಿಮಾಡಿದ ಬಗೆ

ಹಳೆಯ ಆಟೊಮ್ಯಾಟಿಕ್ ರೆಕಾರ್ಡ್ ಪ್ಲೇಯರ್ ಒಂದು ನನ್ನ ಕೈಗೆ ಬಂತು. ಮೋಟಾರು ಚೆನ್ನಾಗಿ ತಿರುಗುತ್ತಿತ್ತು, ಸದ್ದೂ ಬರುತ್ತಿತ್ತು. ಆದರೆ ಎಲ್‌ಪಿಯ ಕೊನೆಯ ಹಾಡು ಬಂದರೆ ಸಾಕು, ಹಾಡಿದ ಸಾಲನ್ನೇ ಮತ್ತೆ ಮತ್ತೆ ಹಾಡುತ್ತಿತ್ತು. ಹೇಗೋ ದಾಟಿಸಿದರೆ ಸೂಜಿ ಒಳಗಿನ ಖಾಲಿ ಗೆರೆಯಲ್ಲಿ ಟಿಕ್ ಟಿಕ್ ಎನ್ನುತ್ತಾ ಸುತ್ತುತ್ತಲೇ ಇರುತ್ತಿತ್ತು. ಟೋನ್‌ಆರ್ಮ್, ಅಂದರೆ ಸೂಜಿಯನ್ನು ಹಿಡಿದಿರುವ ಉದ್ದನೆಯ ಕೈ, ಎದ್ದು ತನ್ನ ಜಾಗಕ್ಕೆ ವಾಪಸ್ ಹೋಗುತ್ತಲೇ ಇರಲಿಲ್ಲ. ಮತ್ತೆ ಸ್ಟಾರ್ಟ್ ಮಾಡಿದರೆ ಒಮ್ಮೆ ರೆಕಾರ್ಡಿನ ಅಂಚಿನಿಂದ ಹೊರಗೆ ಇಳಿಯುತ್ತಿತ್ತು, ಇನ್ನೊಮ್ಮೆ ಮೊದಲ ಹಾಡಿನ ನಡುವೆ.

ಮೊದಲು ನಾನು ಮಾಡಿದ್ದು ತಪ್ಪು ಕೆಲಸ. ಆರ್ಮಿನ ಹಿಂದಿನ ತೂಕ ತಿರುಗಿಸಿ ಸೂಜಿಯ ಭಾರ ಜಾಸ್ತಿ ಮಾಡಿದೆ. ಹಾಡು ಸಿಕ್ಕಿಕೊಳ್ಳುವುದು ಕಡಿಮೆಯಾಯಿತು, ನಿಜ. ಆದರೆ ಅದು ಕಾಯಿಲೆಗೆ ಮದ್ದಲ್ಲ. ಭಾರ ಅತಿಯಾದರೆ ಗೆರೆ ಸವೆಯುತ್ತದೆ, ಸೂಜಿಯೂ ಬೇಗ ಹೋಗುತ್ತದೆ. ಎರಡೇ ದಿನಕ್ಕೆ ಮನಸ್ಸು ತಡೆಯಲಿಲ್ಲ, ತೂಕವನ್ನು ಮತ್ತೆ ಮೊದಲಿನಂತೆ ಇಟ್ಟೆ.

ಆಮೇಲೆ ಸಮಾಧಾನವಾಗಿ ಕೂತು ಗಮನಿಸಿದೆ. ಒಂದೇ ರೆಕಾರ್ಡ್ ಒಂದೇ ಕಡೆ ಸಿಕ್ಕಿಕೊಂಡರೆ ತೊಂದರೆ ರೆಕಾರ್ಡಿನದು, ಅಲ್ವಾ? ಇಲ್ಲಿ ಯಾವ ರೆಕಾರ್ಡ್ ಹಾಕಿದರೂ ಲೇಬಲ್ ಹತ್ತಿರ ಬಂದಾಗಲೇ ಸಿಕ್ಕಿಕೊಳ್ಳುತ್ತಿತ್ತು. ಅಂದರೆ ಆರ್ಮ್ ಅಲ್ಲಿಗೆ ಬಂದಾಗ ಕೆಳಗೆ ಏನೋ ಒಂದು ಅದನ್ನು ತಡೆಯುತ್ತಿದೆ. ಖಚಿತ ಮಾಡಿಕೊಳ್ಳಲು ಪ್ಲಗ್ ಕಿತ್ತು, ಸೂಜಿಗೆ ಏನೂ ತಾಗದಂತೆ ನೋಡಿಕೊಂಡು, ಆರ್ಮ್ ತಕ್ಕಡಿಯಂತೆ ಸಮವಾಗಿ ತೇಲುವವರೆಗೆ ತೂಕ ಸರಿಸಿದೆ. ಮೆಲ್ಲಗೆ ಊದಿದೆ. ಹೊರಗಿನಿಂದ ಮುಕ್ಕಾಲು ದಾರಿ ಸಲೀಸಾಗಿ ತೇಲಿ ಬಂತು, ಆಮೇಲೆ ಗಕ್ಕನೆ ನಿಂತಿತು. ಆರ್ಮ್ ತಿರುಗುವ ಬುಡದ ಬೇರಿಂಗ್ ಕೆಟ್ಟಿದ್ದರೆ ಉದ್ದಕ್ಕೂ ಬಿಗಿಯಾಗಿರುತ್ತಿತ್ತು. ಹಾಗಾಗಿ ಅದರ ಮೇಲಿನ ಅನುಮಾನ ಹೋಯಿತು.

ಒಳಗೆ ನಡೆಯುವುದು ಏನೆಂದು ಗೊತ್ತಿದ್ದರೆ ಉಳಿದದ್ದು ಸುಲಭ. 22 ನಿಮಿಷದ ಒಂದು ಬದಿಯಲ್ಲಿ ರೆಕಾರ್ಡ್ 730ಕ್ಕೂ ಜಾಸ್ತಿ ಸುತ್ತು ಹೊಡೆಯುತ್ತದೆ. ಒಂದು ಸುತ್ತಿಗೆ ಆರ್ಮ್ ಒಳಗೆ ಸರಿಯುವುದು ಬರೀ 0.1 ಮಿಲಿಮೀಟರಿನಷ್ಟು. ಕೊನೆಗೆ ಬಂದಂತೆ ಆರ್ಮಿನ ಬುಡ ಕೆಳಗಿರುವ ಒಂದು ಹಗುರ ಲಿವರನ್ನು ನಿಧಾನವಾಗಿ ತಳ್ಳತೊಡಗುತ್ತದೆ. ಲಿವರಿನ ತುದಿಯಲ್ಲಿ ಪುಟ್ಟ ಕೊಕ್ಕೆ ಇದೆ. ತಿರುಗುವ ತಟ್ಟೆಯ ಅಡಿಯಲ್ಲಿರುವ ಮೊಳೆಯಂಥ ತುದಿ ಪ್ರತಿ ಸುತ್ತಿನಲ್ಲೂ ಕೊಕ್ಕೆಯನ್ನು ಹಿಂದಕ್ಕೆ ತಟ್ಟಿ ಕಳಿಸುತ್ತದೆ. ಹಾಡು ಮುಗಿದ ಮೇಲೆ ಗೆರೆಯ ಸುತ್ತುಗಳ ನಡುವಿನ ಅಂತರ ಜಾಸ್ತಿಯಾಗುತ್ತದೆ, ಆರ್ಮ್ ಒಂದೇ ಸುತ್ತಿನಲ್ಲಿ ಕೆಲವು ಮಿಲಿಮೀಟರ್ ಒಳಗೆ ನುಗ್ಗುತ್ತದೆ. ಆಗ ಕೊಕ್ಕೆ ಹಿಂದೆ ಹೋಗುವ ಬದಲು ಸಿಕ್ಕಿಬಿದ್ದು ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಆರ್ಮನ್ನು ಎತ್ತಿ ವಾಪಸ್ ಕರೆದೊಯ್ಯುವುದು ಆ ಚಕ್ರವೇ. ಇಷ್ಟಕ್ಕೂ ಆ ಲಿವರನ್ನು ತಳ್ಳಲು ಇರುವ ಬಲ ಗೆರೆಯ ಗೋಡೆ ಸೂಜಿಯನ್ನು ಒತ್ತುವಷ್ಟೇ. ಲಿವರ್ ಕೂದಲೆಳೆಯಷ್ಟು ಬಿಗಿಯಾದರೂ ಸೂಜಿ ಹಿಂದಿನ ಗೆರೆಗೆ ಜಾರುತ್ತದೆ. ಹೇಳಿದ್ದನ್ನೇ ಹೇಳುವುದು ಅದಕ್ಕೇ.

ತಟ್ಟೆ ಹಿಡಿದಿದ್ದ ಕ್ಲಿಪ್ ಬಿಡಿಸಿ ಎತ್ತಿದೆ. ಅಡಿಯಲ್ಲಿದ್ದ ಗ್ರೀಸ್ ಒಣಗಿ, ಹಳೆ ಬೆಲ್ಲದ ಬಣ್ಣಕ್ಕೆ ತಿರುಗಿ, ಉಗುರಿನಿಂದ ಕೆರೆದರೆ ಮೇಣದಂತೆ ಎದ್ದು ಬರುತ್ತಿತ್ತು. ಕೊಕ್ಕೆಯನ್ನು ಬೆರಳಿನಿಂದ ತಳ್ಳಿದೆ. ತಳ್ಳಿದ ಕಡೆಯೇ ನಿಂತುಬಿಟ್ಟಿತು. ಅದು ತನ್ನ ಭಾರಕ್ಕೇ ಲೊಟಲೊಟ ಎಂದು ಅಲುಗಾಡಬೇಕಿತ್ತು.

ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೊ ತೆಗೆದುಕೊಂಡೆ. ಯಾವ ಸ್ಪ್ರಿಂಗ್ ಯಾವ ತೂತಿನಲ್ಲಿತ್ತು ಎಂಬುದು ಆಮೇಲೆ ನೆನಪಿರುವುದಿಲ್ಲ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಇಯರ್ ಬಡ್‌ನಿಂದ ಲಿವರ್, ಕೊಕ್ಕೆ, ಅವು ತಿರುಗುವ ಗೂಟಗಳನ್ನು ಬತ್ತಿ ಬೆಳ್ಳಗೆ ಉಳಿಯುವವರೆಗೂ ಒರೆಸಿದೆ. ಆ ಪುಟ್ಟ ಕೊಕ್ಕೆಗೆ ನಾನು ಎಣ್ಣೆಯನ್ನೂ ಹಾಕಲಿಲ್ಲ, ಗ್ರೀಸನ್ನೂ ಹಚ್ಚಲಿಲ್ಲ. ಅದು ಒಣಗಿದ್ದರೇ ಚೆಂದ. ದೊಡ್ಡ ಚಕ್ರದ ಜಾಡಿಗೆ ಮಾತ್ರ ತೆಳ್ಳಗೆ ಹೊಸ ಗ್ರೀಸ್. ಸ್ಪ್ರೇ ಡಬ್ಬಿಯಿಂದ ಎಲ್ಲ ಕಡೆ ಚುಯ್ಯನೆ ಹೊಡೆಯುವ ಆಸೆ ಬರುತ್ತದೆ, ದಯವಿಟ್ಟು ಬೇಡ. ಆರ್ಮನ್ನು ಚಕ್ರಕ್ಕೆ ಜೋಡಿಸುವ ಘರ್ಷಣೆಯ ಕ್ಲಚ್‌ಗೆ ಎಣ್ಣೆ ತಾಗಿದರೆ ಅದು ಜಾರುತ್ತದೆ, ಆರ್ಮ್ ಮನಬಂದಲ್ಲಿ ಇಳಿಯುತ್ತದೆ. ನನ್ನ ಮೆಷಿನ್ ಎಲ್ಲೆಂದರಲ್ಲಿ ಇಳಿಯುತ್ತಿದ್ದುದಕ್ಕೂ ಇದೇ ಕಾರಣ. ಹಿಂದೆ ಯಾರೋ ಧಾರಾಳವಾಗಿ ಎಣ್ಣೆ ಬಿಟ್ಟಿದ್ದರು. ಕ್ಲಚ್ಚಿನ ಎರಡೂ ಮುಖ ಒರೆಸಿ ಒಣಗಿಸಿದೆ.

ಇಳಿಯುವ ಜಾಗದ ಬಗ್ಗೆ ಒಂದು ಮಾತು. ಆರ್ಮ್ ಪ್ರತಿ ಸಲ ಬೇರೆ ಬೇರೆ ಕಡೆ ಇಳಿದರೆ ಹೊಂದಿಸುವ ಸ್ಕ್ರೂ ಮುಟ್ಟಬೇಡಿ, ಮೊದಲು ಕ್ಲಚ್ ನೋಡಿ. ಪ್ರತಿ ಸಲವೂ ಅಷ್ಟೇ ದೂರ ತಪ್ಪಿದರೆ ಮಾತ್ರ ಸ್ಕ್ರೂ. ನನ್ನದು ಒರೆಸಿದ ಮೇಲೆ ಒಂದೇ ಜಾಗದಲ್ಲಿ, ಆದರೆ ಅಂಚಿಗಿಂತ ಸ್ವಲ್ಪ ಹೊರಗೆ ಇಳಿಯತೊಡಗಿತು. ಕಾಲು ಸುತ್ತು ತಿರುಗಿಸಿ ನೋಡಿದೆ, ಇನ್ನೊಂದು ಕಾಲು ಸುತ್ತಿಗೆ ಸರಿಹೋಯಿತು.

ಕರೆಂಟ್ ಕೊಡುವ ಮೊದಲು ತಟ್ಟೆಯನ್ನು ಕೈಯಿಂದಲೇ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತಾ ಪೂರ್ತಿ ಒಂದು ಆಟ ಆಡಿಸಿದೆ. ಆರ್ಮ್ ಎದ್ದಿತು, ಹೋಯಿತು, ಕೂತಿತು. ಚಕ್ರ ತಿರುಗುವಾಗ ಆರ್ಮನ್ನು ಕೈಯಲ್ಲಿ ಹಿಡಿದು ಎಳೆಯಬಾರದು, ಕ್ಲಚ್ ಹಾಳಾಗುವುದೇ ಹಾಗೆ. ಎಲ್ಲಾದರೂ ಸಿಕ್ಕಿಕೊಂಡರೆ ಪ್ಲಗ್ ಕಿತ್ತು ತಟ್ಟೆಯನ್ನೇ ಮೆಲ್ಲಗೆ ತಿರುಗಿಸಿ.

ಸೂಜಿಯ ಭಾರವನ್ನು ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ಅಳೆದು 2 ಗ್ರಾಂಗೆ ಇಟ್ಟೆ, ನನ್ನ ಕಾರ್ಟ್ರಿಜ್‌ಗೆ (ಆರ್ಮಿನ ತುದಿಯಲ್ಲಿ ಸೂಜಿ ಕೂರುವ ಪುಟ್ಟ ಭಾಗ) ಅಷ್ಟು ಸಾಕು. ಹಳೆಯ ಸೆರಾಮಿಕ್ ಕಾರ್ಟ್ರಿಜ್ ಇದ್ದರೆ ಇನ್ನೂ ಜಾಸ್ತಿ ಬೇಕಾಗುತ್ತದೆ. ಆಮೇಲೆ ಅದೇ ಎಲ್‌ಪಿ ಹಾಕಿದೆ. ಕೊನೆಯ ಹಾಡು ತಡೆಯಿಲ್ಲದೆ ಮುಗಿಯಿತು. ಖಾಲಿ ಗೆರೆಯಲ್ಲಿ ಎರಡು ಸುತ್ತು, ಅಡಿಯಿಂದ ಸಣ್ಣಗೆ ಕಟಕ್ ಎಂಬ ಸದ್ದು. ಆರ್ಮ್ ತಾನಾಗಿ ಎದ್ದು, ಹಿಂದೆ ಸರಿದು, ತನ್ನ ಗೂಡಿನಲ್ಲಿ ಕೂತಿತು. ಮೋಟಾರು ನಿಂತಿತು.