ಗೇಮ್ ಕನ್ಸೋಲ್‌ನ ಹೊಟ್ಟೆಯೊಳಗೆ: ಶಾಖದ ಬೆನ್ನು ಹಿಡಿದು ನೋಡುವುದು ಹೇಗೆ?

ಆಟ ಜೋರಾಗಿ ನಡೆಯುತ್ತಿರುವಾಗ ಕನ್ಸೋಲ್‌ನ ಹಿಂಬದಿಗೆ ಒಮ್ಮೆ ಕೈ ಹಿಡಿದು ನೋಡಿ. ಬಿಸಿ ಗಾಳಿ ಬರುತ್ತದೆ ಅಲ್ವಾ? ತುಂಬ ಜನ ಇದಕ್ಕೆ ಗಾಬರಿಯಾಗುತ್ತಾರೆ. ಗಾಬರಿಯಾಗಬೇಕಾದ್ದು ಬಿಸಿ ಗಾಳಿ ಬಾರದೇ ಇದ್ದಾಗ. ಹೊರಗೆ ಬಂದ ಬಿಸಿ ಒಳಗೆ ಉಳಿದಿಲ್ಲ, ಅಷ್ಟೇ.

ಕನ್ಸೋಲ್‌ನ ಒಳಭಾಗ ವಿವರಿಸುವವರು ಸಾಮಾನ್ಯವಾಗಿ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್, ಎಷ್ಟು ಜಿಬಿ ಎಂದು ಶುರು ಮಾಡುತ್ತಾರೆ. ನಾವು ಬೇರೆ ದಾರಿ ಹಿಡಿಯೋಣ. ಶಾಖ ಎಲ್ಲಿ ಹುಟ್ಟುತ್ತದೆ, ಯಾವ ದಾರಿಯಲ್ಲಿ ನಡೆದು ನಿಮ್ಮ ಕೋಣೆಗೆ ಬರುತ್ತದೆ ಎಂದು ಅದರ ಹಿಂದೆಯೇ ಹೋಗೋಣ. ಡಬ್ಬಿ ಯಾಕೆ ಅಷ್ಟು ದೊಡ್ಡದು, ಯಾಕೆ ಅಷ್ಟು ಭಾರ, ಯಾಕೆ ಆ ಆಕಾರ ಎನ್ನುವುದೆಲ್ಲ ಈ ದಾರಿಯಲ್ಲೇ ಗೊತ್ತಾಗುತ್ತದೆ.

ಉದಾಹರಣೆಗೆ ಎರಡು ಯಂತ್ರಗಳನ್ನು ಇಟ್ಟುಕೊಳ್ಳೋಣ: ಸೋನಿಯ ಪ್ಲೇಸ್ಟೇಷನ್ 5 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್. ಎರಡೂ ಬಂದದ್ದು 2020ರ ನವೆಂಬರ್‌ನಲ್ಲಿ. ಎರಡರಲ್ಲೂ ಎಎಂಡಿ ಕಂಪನಿಯ 8 ಕೋರ್‌ಗಳ ಚಿಪ್, ಎರಡರಲ್ಲೂ 16 ಜಿಬಿ ಮೆಮೊರಿ. ಒಳಗಿನ ಸರಕು ಅಣ್ಣತಮ್ಮಂದಿರ ಹಾಗೆ. ಆದರೆ ಶಾಖವನ್ನು ಹೊರಗೆ ಕಳಿಸಲು ಹಿಡಿದ ದಾರಿ ಮಾತ್ರ ಪೂರ್ತಿ ಬೇರೆ.

ಮೊದಲು ಒಂದು ಸಣ್ಣ ಲೆಕ್ಕ

ಭಾರಿ ಗೇಮ್ ಆಡುವಾಗ ಇಂಥ ಕನ್ಸೋಲ್ ಸುಮಾರು 200 ವ್ಯಾಟ್ ಕರೆಂಟ್ ಎಳೆಯುತ್ತದೆ. ನೀವು ಕಾರು ಓಡಿಸಿದ್ದೀರೋ, ರಾಕ್ಷಸನನ್ನು ಕೊಂದಿದ್ದೀರೋ, ಡಬ್ಬಿಗೆ ಅದು ಲೆಕ್ಕಕ್ಕಿಲ್ಲ. ಒಳಗೆ ಹೋದ 200 ವ್ಯಾಟ್ ಪೂರ್ತಿ ಶಾಖವಾಗಿಯೇ ಹೊರಗೆ ಬರಬೇಕು.

ಈ ಶಾಖವನ್ನು ಗಾಳಿ ಹೊತ್ತುಕೊಂಡು ಹೋಗಬೇಕು. ಗಾಳಿಯ ಬಿಸಿ 10 ಡಿಗ್ರಿಯಷ್ಟೇ ಏರಬೇಕು ಎಂದರೆ ಸೆಕೆಂಡಿಗೆ ಸುಮಾರು 16 ಲೀಟರ್ ಗಾಳಿ ಡಬ್ಬಿಯೊಳಗೆ ಹಾದುಹೋಗಬೇಕು. ಅಂದರೆ ಪ್ರತಿ ಸೆಕೆಂಡಿಗೂ ಒಂದು ಬಕೆಟ್. ಅದೂ ಸದ್ದಿಲ್ಲದೆ. ಕನ್ಸೋಲ್ ವಿನ್ಯಾಸ ಮಾಡುವವರ ತಲೆನೋವು ಇಲ್ಲಿಂದಲೇ ಶುರು.

ಹಂತ 1: ಶಾಖ ಹುಟ್ಟುವ ಜಾಗ ಗುರುತಿಸಿ

ಕನ್ಸೋಲ್‌ನಲ್ಲಿ ಪ್ರೊಸೆಸರ್ ಬೇರೆ, ಗ್ರಾಫಿಕ್ಸ್ ಬೇರೆ ಎಂದಿಲ್ಲ. ಎರಡೂ ಒಂದೇ ಚಿಪ್‌ನಲ್ಲಿವೆ. ಪ್ಲೇಸ್ಟೇಷನ್ 5ರ ಚಿಪ್ ಸುಮಾರು 300 ಚದರ ಮಿಲಿಮೀಟರ್, ಎಕ್ಸ್‌ಬಾಕ್ಸ್‌ನದು ಸುಮಾರು 360. ಒಂದು ಸಣ್ಣ ಅಂಚೆ ಚೀಟಿಯಷ್ಟು ಎನ್ನಿ. 200 ವ್ಯಾಟ್‌ನಲ್ಲಿ ದೊಡ್ಡ ಪಾಲು ಹುಟ್ಟುವುದು ಇಷ್ಟೇ ಜಾಗದಲ್ಲಿ. ಬಟ್ಟೆ ಇಸ್ತ್ರಿ ಪೆಟ್ಟಿಗೆಯ ಜೊತೆ ಹೋಲಿಸಿ ನೋಡಿ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟ್‌ನದು ಇರಬಹುದು. ಆದರೆ ಅದರ ತಳ ಅಂಗೈಗಿಂತ ದೊಡ್ಡದು. ಒಂದೊಂದು ಚದರ ಸೆಂಟಿಮೀಟರ್‌ಗೆ ಲೆಕ್ಕ ಹಾಕಿದರೆ ಚಿಪ್‌ನಲ್ಲಿ ಹುಟ್ಟುವ ಶಾಖ ಇಸ್ತ್ರಿ ಪೆಟ್ಟಿಗೆಗಿಂತ ಹಲವು ಪಟ್ಟು ಜಾಸ್ತಿ.

ಇಲ್ಲಿ ಎರಡು ಕಂಪನಿಗಳೂ ಬೇರೆ ಬೇರೆ ದಾರಿ ಹಿಡಿದವು. ಮೈಕ್ರೋಸಾಫ್ಟ್ 52 ಗ್ರಾಫಿಕ್ಸ್ ಘಟಕಗಳನ್ನು ಇಟ್ಟು ಅವುಗಳನ್ನು 1.825 ಗಿಗಾಹರ್ಟ್ಸ್ ವೇಗದಲ್ಲಿ ಓಡಿಸಿತು. ಸೋನಿ 36 ಘಟಕಗಳನ್ನಷ್ಟೇ ಇಟ್ಟು ವೇಗವನ್ನು 2.23 ಗಿಗಾಹರ್ಟ್ಸ್‌ವರೆಗೆ ಏರಿಸಿತು. ಹೆಚ್ಚು ಆಳುಗಳಿಂದ ನಿಧಾನವಾಗಿ ಕೆಲಸ ಮಾಡಿಸುವುದು ಒಂದು ರೀತಿ. ಕಡಿಮೆ ಆಳುಗಳನ್ನು ಓಡಾಡಿಸುವುದು ಇನ್ನೊಂದು ರೀತಿ. ಓಡಾಡಿಸಿದರೆ ಮೈ ಬಿಸಿಯಾಗುತ್ತದೆ. ಚಿಪ್‌ಗೂ ಅದೇ ಕಥೆ. ವೇಗ ಏರಿಸಲು ವೋಲ್ಟೇಜ್ ಏರಿಸಬೇಕಾಗುತ್ತದೆ. ವೋಲ್ಟೇಜ್ ಸ್ವಲ್ಪ ಏರಿದರೂ ಶಾಖ ಅದಕ್ಕಿಂತ ಬೇಗ ಏರುತ್ತದೆ.

ಸೋನಿ ಇದಕ್ಕೊಂದು ಉಪಾಯ ಮಾಡಿತು. ನನಗೆ ಇಡೀ ವಿನ್ಯಾಸದಲ್ಲಿ ಅತಿ ಜಾಣತನದ್ದು ಅನಿಸುವುದು ಇದೇ. ಹಿಂದಿನ ಕನ್ಸೋಲ್‌ಗಳಲ್ಲಿ ಚಿಪ್‌ನ ವೇಗ ಸ್ಥಿರ, ಎಳೆಯುವ ಕರೆಂಟ್ ಹೆಚ್ಚು ಕಡಿಮೆ ಆಗುತ್ತಿತ್ತು. ಮುಂದೆ ಬರುವ ಯಾವುದೋ ಗೇಮ್ ಎಷ್ಟು ಶಾಖ ಹುಟ್ಟಿಸೀತು ಎಂದು ಮೊದಲೇ ಊಹಿಸಿ ಫ್ಯಾನ್ ಇಡಬೇಕಿತ್ತು. ಊಹೆ ತಪ್ಪಿದರೆ ಫ್ಯಾನ್ ಕಿರುಚಾಟ. ಪ್ಲೇಸ್ಟೇಷನ್ 5ರಲ್ಲಿ ಇದನ್ನು ತಿರುಗಿಸಿ ಹಾಕಿದರು. ಕರೆಂಟ್‌ನ ಮಿತಿ ಸ್ಥಿರ, ಅದರೊಳಗೆ ವೇಗ ಹೆಚ್ಚು ಕಡಿಮೆ ಆಗುತ್ತದೆ. ವಿನ್ಯಾಸದ ಮುಖ್ಯಸ್ಥ ಮಾರ್ಕ್ ಸರ್ನಿ 2020ರ ಮಾರ್ಚ್‌ನಲ್ಲೇ ಇದನ್ನು ವಿವರಿಸಿದ್ದರು. ಇದರಿಂದ ಎಷ್ಟು ಶಾಖ ಬರುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ವೇಗ ಇಳಿಯುವುದು ಕೋಣೆಯ ಬಿಸಿ ನೋಡಿ ಅಲ್ಲ, ಚಿಪ್ ಮಾಡುತ್ತಿರುವ ಕೆಲಸ ನೋಡಿ. ಹಾಗಾಗಿ ಸೆಕೆಯ ಊರಿನಲ್ಲೂ ಚಳಿಯ ಊರಿನಲ್ಲೂ ಆಟ ಒಂದೇ ರೀತಿ ಓಡುತ್ತದೆ.

ಹಂತ 2: ಚಿಪ್‌ನಿಂದ ಲೋಹಕ್ಕೆ, ಕೂದಲೆಳೆಯ ಸೇತುವೆ

ಚಿಪ್‌ನ ಮೇಲೆ ಹೀಟ್ ಸಿಂಕ್, ಅಂದರೆ ಶಾಖ ಹೀರಿಕೊಂಡು ಗಾಳಿಗೆ ಬಿಡುವ ಲೋಹದ ಭಾಗ, ಕೂರುತ್ತದೆ. ಕಣ್ಣಿಗೆ ಎರಡೂ ನುಣುಪಾಗಿಯೇ ಕಾಣುತ್ತವೆ. ಹತ್ತಿರದಿಂದ ನೋಡಿದರೆ ಗುಂಡಿ, ದಿಬ್ಬ. ಆ ಗುಂಡಿಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿಯಷ್ಟು ಕೆಟ್ಟದಾಗಿ ಶಾಖ ಸಾಗಿಸುವ ವಸ್ತು ಸಿಗುವುದು ಕಷ್ಟ. ತಾಮ್ರ ಅದಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ. ಅದಕ್ಕೇ ನಡುವೆ ಏನಾದರೂ ತುಂಬಬೇಕು.

ಸಾಮಾನ್ಯವಾಗಿ ತುಂಬುವುದು ಬೂದು ಬಣ್ಣದ ಥರ್ಮಲ್ ಪೇಸ್ಟ್. ಪ್ಲೇಸ್ಟೇಷನ್ 5ರಲ್ಲಿ ಅದರ ಬದಲು ಲಿಕ್ವಿಡ್ ಮೆಟಲ್ ಇದೆ, ಅಂದರೆ ಕೋಣೆಯ ಬಿಸಿಯಲ್ಲೇ ನೀರಿನ ಹಾಗೆ ಹರಿಯುವ ಲೋಹ. ಇಂಥವು ಸಾಮಾನ್ಯವಾಗಿ ಗ್ಯಾಲಿಯಂ ಮಿಶ್ರಣಗಳು. ಶುದ್ಧ ಗ್ಯಾಲಿಯಂ ಕರಗುವುದು ಸುಮಾರು 30 ಡಿಗ್ರಿಗೆ. ಬೇರೆ ಲೋಹ ಸೇರಿಸಿದರೆ ಇನ್ನೂ ಬೇಗ.

ಇಷ್ಟು ಒಳ್ಳೆಯದಾದರೆ ಎಲ್ಲರೂ ಯಾಕೆ ಬಳಸುವುದಿಲ್ಲ? ಎರಡು ತೊಂದರೆ. ಇದು ಕರೆಂಟ್ ಹರಿಸುತ್ತದೆ. ಒಂದು ಹನಿ ಪಕ್ಕದ ಭಾಗಕ್ಕೆ ಜಾರಿದರೆ ಶಾರ್ಟ್ ಸರ್ಕ್ಯೂಟ್, ಕಥೆ ಮುಗಿಯಿತು. ಇನ್ನೊಂದು, ಗ್ಯಾಲಿಯಂ ತಾಗಿದ ಅಲ್ಯೂಮಿನಿಯಂ ಪುಡಿಪುಡಿ ಆಗುತ್ತದೆ. ಸೋನಿ ಚಿಪ್‌ನ ಸುತ್ತ ಅಂಚು ಕಟ್ಟಿ ಇದನ್ನು ಒಳಗೇ ಕೂಡಿಹಾಕಿದೆ. ಈ ತಯಾರಿಗೆ ಎರಡು ವರ್ಷಕ್ಕೂ ಹೆಚ್ಚು ಸಮಯ ಹಿಡಿಯಿತು ಎಂದು 2020ರ ಅಕ್ಟೋಬರ್‌ನಲ್ಲಿ ಕನ್ಸೋಲ್ ಬಿಚ್ಚಿ ತೋರಿಸಿದ ವಿಡಿಯೊದಲ್ಲಿ ಸೋನಿಯ ಎಂಜಿನಿಯರ್ ಯಾಸುಹಿರೊ ಓಟೊರಿ ಹೇಳಿದ್ದರು. ನಿಮಗೆ ಎಷ್ಟೇ ಕೈಚಳಕ ಇದ್ದರೂ ಈ ಹಂತದವರೆಗೆ ಮನೆಯಲ್ಲಿ ಬಿಚ್ಚಬೇಡಿ ಎನ್ನುವುದು ಇದಕ್ಕೇ.

ಶಾಖವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮೈಕ್ರೋಸಾಫ್ಟ್‌ನ ಹಳೆಯ ಕನ್ಸೋಲ್ ಎಕ್ಸ್‌ಬಾಕ್ಸ್ 360 ಸಾಕ್ಷಿ. ಬಿಸಿಯಾಗುವುದು, ತಣ್ಣಗಾಗುವುದು, ಮತ್ತೆ ಬಿಸಿಯಾಗುವುದು. ಇದೇ ಹಿಗ್ಗು ಕುಗ್ಗಿನಲ್ಲಿ ಚಿಪ್‌ನ ಕೆಳಗಿನ ಬೆಸುಗೆಗಳು ಬಿರುಕು ಬಿಟ್ಟವು. ಮುಂಭಾಗದಲ್ಲಿ ಮೂರು ಕೆಂಪು ದೀಪ ಉರಿದರೆ ಯಂತ್ರ ಸತ್ತಿತು ಎಂದೇ ಲೆಕ್ಕ. 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಆ ದೋಷಕ್ಕೆ ವಾರಂಟಿಯನ್ನು 3 ವರ್ಷಕ್ಕೆ ವಿಸ್ತರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿಡಬೇಕಾಯಿತು.

ಹಂತ 3: ನೀರು ಕುದಿಸಿ ಶಾಖ ಸಾಗಿಸುವುದು

ಹೀಟ್ ಸಿಂಕ್ ಎಂದರೆ ಬರೀ ಲೋಹದ ಗಟ್ಟಿ ಅಲ್ಲ. ಅದರೊಳಗೆ ತಾಮ್ರದ ಕೊಳವೆಗಳಿವೆ. ಹೀಟ್ ಪೈಪ್ ಎನ್ನುತ್ತಾರೆ. ಎರಡೂ ಕಡೆ ಮುಚ್ಚಿದ ಕೊಳವೆ, ಒಳಗೆ ಸಾಮಾನ್ಯವಾಗಿ ಒಂದಿಷ್ಟು ನೀರು. ಗಾಳಿ ತೆಗೆದಿರುವುದರಿಂದ ಆ ನೀರು 100 ಡಿಗ್ರಿಗೆ ಕಾಯದೆ ಬಹಳ ಮೊದಲೇ ಕುದಿಯುತ್ತದೆ. ಚಿಪ್‌ನ ಕಡೆ ಆವಿಯಾಗಿ, ತಣ್ಣಗಿರುವ ತುದಿಗೆ ಓಡಿ, ಅಲ್ಲಿ ಮತ್ತೆ ನೀರಾಗಿ ಶಾಖವನ್ನು ಬಿಟ್ಟುಕೊಡುತ್ತದೆ. ವಾಪಸ್ ಹೇಗೆ ಬರುತ್ತದೆ? ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಕೊಳವೆಯ ಒಳಗೋಡೆಗೆ ಸಣ್ಣ ಸಣ್ಣ ರಂಧ್ರಗಳ ಪದರ ಇರುತ್ತದೆ. ನೀರು ಅದರಲ್ಲಿ ಇಂಗಿ ಹಿಂದಕ್ಕೆ ಬರುತ್ತದೆ. ಪಂಪ್ ಇಲ್ಲ, ಮೋಟರ್ ಇಲ್ಲ.

ಎಕ್ಸ್‌ಬಾಕ್ಸ್‌ನಲ್ಲಿ ಕೊಳವೆಯ ಬದಲು ಅದನ್ನೇ ಚಪ್ಪಟೆ ಮಾಡಿದಂಥ ಪೆಟ್ಟಿಗೆ ಇದೆ. ಅದಕ್ಕೆ ವೇಪರ್ ಚೇಂಬರ್ ಎಂದು ಹೆಸರು. ಶಾಖ ಒಂದೇ ಸಾಲಿನಲ್ಲಿ ಹೋಗದೆ ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಹೀಟ್ ಪೈಪ್ ಬಳಸಿದರೂ ಹೀಟ್ ಸಿಂಕ್‌ನ ಆಕಾರ ಮತ್ತು ಗಾಳಿಯ ದಾರಿಯಿಂದ ವೇಪರ್ ಚೇಂಬರ್‌ನಷ್ಟೇ ಫಲ ಪಡೆದಿದ್ದೇವೆ ಎಂಬುದು ಸೋನಿಯ ಮಾತು.

ಹಂತ 4: ಫ್ಯಾನ್ ನೋಡಿ, ಡಬ್ಬಿಯ ಆಕಾರ ಅರ್ಥವಾಗುತ್ತದೆ

ಪ್ಲೇಸ್ಟೇಷನ್ 5ರ ಪಕ್ಕದ ಬಿಳಿ ಮುಚ್ಚಳ ತೆಗೆದರೆ ಮೊದಲು ಕಾಣುವುದೇ ಫ್ಯಾನ್. 120 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ದಪ್ಪ. ಎರಡೂ ಬದಿಯಿಂದ ಗಾಳಿ ಎಳೆದು ಪಕ್ಕಕ್ಕೆ ತಳ್ಳುವ ಜಾತಿಯದು. ಗಾಳಿ ಮುಂಭಾಗದ ಸೀಳುಗಳಿಂದ ಒಳಬಂದು ಹಿಂಭಾಗದಿಂದ ಹೊರಹೋಗುತ್ತದೆ. 390 ಮಿಲಿಮೀಟರ್ ಉದ್ದ, ಡಿಸ್ಕ್ ಹಾಕುವ ಮಾದರಿಗೆ 4.5 ಕಿಲೊ ತೂಕ. ಬಿಡುಗಡೆಯಾದಾಗ ಜನ ನಕ್ಕಿದ್ದೇ ನಕ್ಕಿದ್ದು. ಆದರೆ ಫ್ಯಾನ್ ಒಮ್ಮೆ ನೋಡಿದರೆ ನಗು ಕಡಿಮೆಯಾಗುತ್ತದೆ.

ಫ್ಯಾನ್ ಯಾಕೆ ದೊಡ್ಡದಿರಬೇಕು? ಸಣ್ಣ ಫ್ಯಾನ್ ಅಷ್ಟೇ ಗಾಳಿ ಎಳೆಯಬೇಕಾದರೆ ಹುಚ್ಚೆದ್ದು ತಿರುಗಬೇಕು. ಫ್ಯಾನ್‌ನ ವೇಗ ಎರಡು ಪಟ್ಟು ಮಾಡಿದರೆ ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟು. ಸದ್ದೂ ಹಾಗೇ ಏರುತ್ತದೆ. ದೊಡ್ಡ ಫ್ಯಾನ್ ಆರಾಮಾಗಿ ತಿರುಗುತ್ತಾ ಅದೇ ಕೆಲಸ ಮುಗಿಸುತ್ತದೆ.

ಎಕ್ಸ್‌ಬಾಕ್ಸ್‌ನದು ಹೊಗೆಗೂಡಿನ ಲೆಕ್ಕ. 151 ಮಿಲಿಮೀಟರ್ ಚೌಕ, 301 ಎತ್ತರದ ಕಂಬ. ಮೇಲೆ 130 ಮಿಲಿಮೀಟರ್ ಫ್ಯಾನ್. ಗಾಳಿ ಕೆಳಗಿನಿಂದ, ಹಿಂದಿನಿಂದ ಒಳಬಂದು ಮೇಲೆ ಹೋಗುತ್ತದೆ. ಅಷ್ಟು ಸಣ್ಣ ಕಂಬದಲ್ಲಿ ಎಲ್ಲ ಹಿಡಿಸಲು ಚಿಪ್‌ಗಳು ಕೂರುವ ಮದರ್‌ಬೋರ್ಡನ್ನೇ ಎರಡು ಮಾಡಿದರು. ನಡುವೆ ಅಲ್ಯೂಮಿನಿಯಂ ಚೌಕಟ್ಟು, ಅದರ ಎರಡು ಬದಿಗೆ ಎರಡು ಬೋರ್ಡ್. ಬಿಸಿ ಗಾಳಿ ತಾನಾಗೇ ಮೇಲೇರುತ್ತದಲ್ಲ, ಅದಕ್ಕೇ ಈ ಆಕಾರ ಎಂದು ಕೆಲವರು ಹೇಳುವುದುಂಟು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಫ್ಯಾನ್ ಎಳೆಯುವುದರ ಮುಂದೆ ಗಾಳಿ ತಾನಾಗೇ ಏರುವುದು ಲೆಕ್ಕಕ್ಕೇ ಬರದಷ್ಟು ಕಡಿಮೆ. ಈ ಆಕಾರದ ನಿಜವಾದ ಲಾಭ ನೇರ ದಾರಿ. ಗಾಳಿಗೆ ತಿರುವು ಕಡಿಮೆ.

ಬಿಡುಗಡೆಯಾದ ವಾರದಲ್ಲೇ ಎಕ್ಸ್‌ಬಾಕ್ಸ್‌ನಿಂದ ಹೊಗೆ ಬರುವ ವಿಡಿಯೊಗಳು ಓಡಾಡಿದ್ದವು. ಕೆಳಗಿನಿಂದ ವೇಪ್ (ಇ-ಸಿಗರೇಟ್) ಹೊಗೆ ಊದಿದರೆ ಮೇಲಿನಿಂದ ಬರುತ್ತದೆ, ಅಷ್ಟೇ. ದಯವಿಟ್ಟು ಊದಬೇಡಿ ಎಂದು ಕಂಪನಿಯೇ ಹೇಳಬೇಕಾಯಿತು. ಗಾಳಿಯ ದಾರಿ ಎಷ್ಟು ಸಲೀಸಾಗಿದೆ ಎಂಬುದಕ್ಕೆ ಪುಕ್ಕಟೆ ಪ್ರಚಾರ ಸಿಕ್ಕ ಹಾಗಾಯಿತು.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪವರ್ ಸಪ್ಲೈ ಈಗ ಡಬ್ಬಿಯ ಒಳಗೇ ಇದೆ, ಮೊದಲ ಪ್ಲೇಸ್ಟೇಷನ್ 5ರಲ್ಲಿ 350 ವ್ಯಾಟ್‌ನದು, ಎಕ್ಸ್‌ಬಾಕ್ಸ್‌ನಲ್ಲಿ 315. ಅದೂ ಬಿಸಿಯಾಗುತ್ತದೆ, ಅದೇ ಗಾಳಿಯಲ್ಲಿ ತಣ್ಣಗಾಗುತ್ತದೆ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ 2ರ ದಪ್ಪ ಸುಮಾರು 14 ಮಿಲಿಮೀಟರ್. ಅಷ್ಟರಲ್ಲಿ ದೊಡ್ಡ ಫ್ಯಾನ್ ಹಿಡಿಯುವುದಿಲ್ಲ. ಟಿವಿಗೆ ಜೋಡಿಸಿದಾಗ ಅದು ಜಾಸ್ತಿ ಕೆಲಸ ಮಾಡುತ್ತದಲ್ಲ, ಅದಕ್ಕೇ ಟಿವಿಗೆ ಜೋಡಿಸಲು ಅದನ್ನು ಕೂರಿಸುವ ಡಾಕ್‌ನಲ್ಲೇ ಇನ್ನೊಂದು ಫ್ಯಾನ್ ಇಟ್ಟಿದ್ದಾರೆ.

ಸಣ್ಣದಾದರೆ ಕೆಟ್ಟದ್ದೇ?

2021ರಲ್ಲಿ ಸೋನಿ ಸದ್ದಿಲ್ಲದೆ ಹಗುರವಾದ ಹೀಟ್ ಸಿಂಕ್ ಇರುವ ಪ್ಲೇಸ್ಟೇಷನ್ 5 ತಂದಿತು. ತೂಕ ಸುಮಾರು 300 ಗ್ರಾಂ ಕಡಿಮೆ. ಹೊರಬರುವ ಗಾಳಿ ಮೊದಲಿಗಿಂತ ಬಿಸಿ ಎಂದು ಅಳೆದವರು ಇದು ಮೋಸ ಎಂದರು. ಆದರೆ ಹೊರಗಾಳಿ ಬಿಸಿಯಾಗಿದೆ ಎಂದ ಮಾತ್ರಕ್ಕೆ ಚಿಪ್ ಬಿಸಿಯಾಗಿದೆ ಎಂದು ಹೇಳಲಾಗದು. ಒಳಗಿನ ಬಿಸಿಯನ್ನೇ ಅಳೆಯಬೇಕು. ಲೇಖನದ ಶುರುವಿನಲ್ಲಿ ಹೇಳಿದ ಮಾತೇ ಇದು. 2023ರ ನವೆಂಬರ್‌ನಲ್ಲಿ ಬಂದ ಮಾದರಿಯಂತೂ ಗಾತ್ರದಲ್ಲಿ ಶೇ 30ಕ್ಕೂ ಹೆಚ್ಚು ಕಿರಿದು.

ಹಂತ 5: ಕೊನೆಯ ದಾರಿ ನಿಮ್ಮ ಕೈಯಲ್ಲಿ

ಡಬ್ಬಿಯಿಂದ ಹೊರಬಂದ ಶಾಖ ಕೋಣೆಗೆ ಹರಡಬೇಕು. ಅದಕ್ಕೆ ಎಂಜಿನಿಯರ್ ಏನೂ ಮಾಡಲಾರ. ನಾನೊಮ್ಮೆ ಹಳೆಯ ಕನ್ಸೋಲ್ ಒಂದನ್ನು ಬಾಗಿಲಿರುವ ಟಿವಿ ಕಪಾಟಿನೊಳಗೆ ಇಟ್ಟು, ಫ್ಯಾನ್ ಹಾಳಾಗಿದೆ ಎಂದು ತಿಂಗಳುಗಟ್ಟಲೆ ಬೈದಿದ್ದೆ. ಬಿಟ್ಟ ಬಿಸಿ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತಿತ್ತು. ಕಪಾಟಿನ ಬಾಗಿಲು ತೆಗೆದ ದಿನವೇ ಸದ್ದು ಇಳಿಯಿತು.

ಸುತ್ತ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ. ದಪ್ಪ ಎಳೆಗಳ ಜಮಖಾನೆಯ ಮೇಲೆ ಇಡಬೇಡಿ. ಎಕ್ಸ್‌ಬಾಕ್ಸ್‌ನ ನೆತ್ತಿಯ ಮೇಲೆ ರಿಮೋಟ್, ಪುಸ್ತಕ ಏನನ್ನೂ ಇಡಬೇಡಿ. ನಿಲ್ಲಿಸಬೇಕೋ ಮಲಗಿಸಬೇಕೋ ಎಂಬ ಜಗಳ ಬೇಡ, ಎರಡಕ್ಕೂ ತಯಾರಕರ ಒಪ್ಪಿಗೆ ಇದೆ.

ಇನ್ನು ಧೂಳು. ಪ್ಲೇಸ್ಟೇಷನ್ 5 ಇದ್ದರೆ ಹೀಗೆ ಮಾಡಿ. ಪೂರ್ತಿ ಆಫ್ ಮಾಡಿ, ಎಲ್ಲ ವೈರ್ ಕೀಳಿ, ತಣ್ಣಗಾಗಲು ಬಿಡಿ. ಸ್ಟ್ಯಾಂಡ್ ತೆಗೆದು ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ. ಮುಚ್ಚಳದ ಮೂಲೆಯನ್ನು ಸ್ವಲ್ಪ ಎತ್ತಿ ಜಾರಿಸಿದರೆ ಬರುತ್ತದೆ. ಯಾವ ಮೂಲೆ, ಯಾವ ಕಡೆಗೆ ಎನ್ನುವುದು ಮಾದರಿಯಿಂದ ಮಾದರಿಗೆ ಬೇರೆ, ಕೈಪಿಡಿಯಲ್ಲಿ ಚಿತ್ರ ನೋಡಿಕೊಳ್ಳಿ. ಒಳಗೆ ಧೂಳು ಸೇರಲೆಂದೇ ಮಾಡಿದ ಎರಡು ತೂತುಗಳಿವೆ. ಅವುಗಳ ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಹಿಡಿದು ಎಳೆಯಿರಿ. ಫ್ಯಾನ್ ಕಡೆ ಹೋದಾಗ ರೆಕ್ಕೆ ತಿರುಗದಂತೆ ಬೆರಳಲ್ಲಿ ಮೆಲ್ಲಗೆ ಹಿಡಿದುಕೊಳ್ಳಿ. ಸ್ಕ್ರೂ ಬಿಚ್ಚಿ ಇನ್ನೂ ಒಳಗೆ ಹೋಗುವ ಆಸೆಗೆ ಬೀಳಬೇಡಿ. ಅಲ್ಲಿ ಲಿಕ್ವಿಡ್ ಮೆಟಲ್ ಇದೆ.

ಮುಚ್ಚಳ ತೆಗೆದಾಗಲೇ ಎಂ.2 ಎಸ್‌ಎಸ್‌ಡಿ ಹಾಕುವ ಜಾಗವೂ ಕಾಣುತ್ತದೆ. ಇದು ಗೇಮ್‌ಗಳನ್ನು ತುಂಬಿಡುವ ಸ್ಟೋರೇಜ್ ಪಟ್ಟಿ, ಹೆಚ್ಚು ಜಾಗ ಬೇಕಿದ್ದರೆ ಹಾಕಿಕೊಳ್ಳಬಹುದು. ಆದರೆ ಹೀಟ್ ಸಿಂಕ್ ಇಲ್ಲದ ಎಸ್‌ಎಸ್‌ಡಿ ಹಾಕುವಂತಿಲ್ಲ. ಹೀಟ್ ಸಿಂಕ್ ಸೇರಿ ಒಟ್ಟು ದಪ್ಪ 11.25 ಮಿಲಿಮೀಟರ್ ಮೀರಬಾರದು. ಕೊಳ್ಳುವ ಮೊದಲೇ ಅಳತೆ ನೋಡಿ.

ಎಲ್ಲ ಮತ್ತೆ ಜೋಡಿಸಿದ ಮೇಲೆ ಮೊದಲು ಸದ್ದು ಮಾಡುತ್ತಿದ್ದ ಅದೇ ಗೇಮ್, ಅದೇ ಜಾಗವನ್ನು ಅರ್ಧ ಗಂಟೆ ಆಡಿ. ನಂತರ ಹಿಂಬದಿಗೆ ಕೈ ಹಿಡಿಯಿರಿ. ಗಾಳಿ ಬಿಸಿಯಾಗಿ, ರಭಸವಾಗಿ ಬರುತ್ತಿದ್ದು ಫ್ಯಾನ್ ಕಿರುಚುತ್ತಿಲ್ಲ ಎಂದರೆ ಕೆಲಸ ಆಯಿತು. ಬಿಸಿಯೂ ಇಲ್ಲ, ರಭಸವೂ ಇಲ್ಲ, ಫ್ಯಾನ್ ಮಾತ್ರ ಕೂಗುತ್ತಿದೆ ಎಂದರೆ ಎಲ್ಲೋ ದಾರಿ ಕಟ್ಟಿದೆ. ಆಗ ಆಫ್ ಮಾಡಿ, ಸರ್ವಿಸ್ ಸೆಂಟರ್‌ಗೆ ಕೊಡಿ.