ನಿಯಮಗಿರಿ ತೀರ್ಪನ್ನು ಓದುವುದು ಹೇಗೆ?

ಆದಿವಾಸಿ ಹಕ್ಕಿನ ಮೊಕದ್ದಮೆಯೊಂದನ್ನು ಬುಡದಿಂದ ತುದಿಯವರೆಗೆ ಓದಬೇಕೆಂದಿದ್ದೀರಾ? ಒಡಿಶಾದ ನಿಯಮಗಿರಿ ಬೆಟ್ಟದ ಗಣಿಗಾರಿಕೆ ಪ್ರಕರಣ ಎತ್ತಿಕೊಳ್ಳಿ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟ ಈ ತೀರ್ಪು ಆನ್‌ಲೈನ್‌ನಲ್ಲಿ ಪೂರ್ತಿ ಸಿಗುತ್ತದೆ. ಸುದ್ದಿ ವರದಿಯಿಂದ ಮಾತ್ರ ಶುರು ಮಾಡಬೇಡಿ. ‘ಆದಿವಾಸಿಗಳು ಗೆದ್ದರು’ ಎಂಬ ಒಂದು ಸಾಲು ತಲೆಯಲ್ಲಿ ಕೂತುಬಿಟ್ಟರೆ ಗೆದ್ದದ್ದು ಹೇಗೆ ಎಂಬುದು ಕಾಣುವುದೇ ಇಲ್ಲ.

1. ಮೊದಲ ಪುಟದಲ್ಲಿ ಯಾರ ಹೆಸರಿದೆ ನೋಡಿ. ಅರ್ಜಿದಾರರು ಒರಿಸ್ಸಾ ಮೈನಿಂಗ್ ಕಾರ್ಪೊರೇಷನ್, ಅಂದರೆ ರಾಜ್ಯ ಸರ್ಕಾರದ ಗಣಿ ನಿಗಮ. ಎದುರಿಗೆ ಕೇಂದ್ರದ ಪರಿಸರ ಮತ್ತು ಅರಣ್ಯ ಸಚಿವಾಲಯ. ಆ ಬೆಟ್ಟವನ್ನು ತಮ್ಮ ದೇವರಾದ ನಿಯಮರಾಜನ ನೆಲೆಯೆಂದು ಪೂಜಿಸುವ ಡೋಂಗ್ರಿಯಾ ಕೋಂಧ್ ಆದಿವಾಸಿ ಜನರ ಹೆಸರು ಪ್ರಕರಣದ ಶೀರ್ಷಿಕೆಯಲ್ಲಿಲ್ಲ. ನನಗೆ ಇದು ಇಡೀ ಪ್ರಕರಣದ ಅತಿ ನೋವಿನ ಸಂಗತಿ. ಅವರ ಬೆಟ್ಟದ ಬಗ್ಗೆ ಜಗಳ ಆಡಿದ್ದು ಎರಡು ಸರ್ಕಾರಿ ಸಂಸ್ಥೆಗಳು.

2. ಒಂದು ಹಾಳೆಯಲ್ಲಿ ತಾರೀಖುಗಳನ್ನು ಬರೆದುಕೊಳ್ಳಿ. ಲಾಂಜಿಗಢದ ವೇದಾಂತ ಕಂಪನಿಯ ಕಾರ್ಖಾನೆಗೆ ಬೇಕಾದ ಅಲ್ಯೂಮಿನಿಯಂ ಅದಿರು ಬಾಕ್ಸೈಟ್‌ಗಾಗಿ ಅರಣ್ಯಭೂಮಿ ಬಳಸಲು 2008ರ ಆಗಸ್ಟ್‌ನಲ್ಲಿ ಒಪ್ಪಿದ್ದು ಇದೇ ಸುಪ್ರೀಂ ಕೋರ್ಟ್. 2010ರ ಆಗಸ್ಟ್‌ನಲ್ಲಿ ಸಚಿವಾಲಯ ನೇಮಿಸಿದ್ದ ಎನ್.ಸಿ. ಸಕ್ಸೇನಾ ಸಮಿತಿ, ಅರಣ್ಯ ಹಕ್ಕು ಕಾಯ್ದೆ ಉಲ್ಲಂಘನೆಯಾಗಿದೆ ಎಂದು ವರದಿ ಕೊಟ್ಟಿತು. ಅದೇ ತಿಂಗಳು ಸಚಿವಾಲಯ ಅನುಮತಿ ನಿರಾಕರಿಸಿತು. ಅದರ ವಿರುದ್ಧ ನಿಗಮ 2011ರಲ್ಲಿ ಕೋರ್ಟಿಗೆ ಹೋಯಿತು. 2008ಕ್ಕೂ 2013ಕ್ಕೂ ನಡುವೆ ಬದಲಾದದ್ದೇನು? ಈ ಪ್ರಶ್ನೆಯನ್ನು ಹಾಳೆಯ ಮೇಲ್ತುದಿಯಲ್ಲೇ ಬರೆದಿಟ್ಟುಕೊಳ್ಳಿ.

3. 2006ರ ಅರಣ್ಯ ಹಕ್ಕು ಕಾಯ್ದೆಯನ್ನೂ ಧಾರ್ಮಿಕ ಸ್ವಾತಂತ್ರ್ಯ ಕೊಡುವ ಸಂವಿಧಾನದ 25, 26ನೇ ವಿಧಿಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಕಾಯ್ದೆಯ 6ನೇ ಸೆಕ್ಷನ್ ಓದಿದರೆ, ಹಕ್ಕು ನಿರ್ಧಾರದ ಮೊದಲ ಹೆಜ್ಜೆ ಗ್ರಾಮಸಭೆಯದ್ದೇ ಎಂಬುದು ಸ್ಪಷ್ಟವಾಗುತ್ತದೆ. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದ್ದೂ ಇದೇ ಕಾಯ್ದೆಯಡಿ.

4. ಈಗ ತೀರ್ಪು. ಹೊಸಬರು ಎಡವುವುದು ಇಲ್ಲೇ. ಎಷ್ಟೋ ಪುಟಗಳಲ್ಲಿ ಇರುವುದು ವಕೀಲರ ವಾದ, ಕೋರ್ಟಿನ ಅಭಿಪ್ರಾಯವಲ್ಲ. ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಅಂಚಿನಲ್ಲಿ ಗುರುತು ಹಾಕಿ: ಅರ್ಜಿದಾರರ ಮಾತಾದರೆ ‘ಅ’, ಪ್ರತಿವಾದಿಯದಾದರೆ ‘ಪ್ರ’, ಕೋರ್ಟಿನದಾದರೆ ‘ಕೋ’. ಆಮೇಲೆ ‘ಕೋ’ ಇರುವ ಪ್ಯಾರಾಗಳನ್ನಷ್ಟೇ ಮತ್ತೊಮ್ಮೆ ಓದಿ. ಗಣಿಗಾರಿಕೆ ಕೂಡದು ಎಂದು ಕೋರ್ಟ್ ಎಲ್ಲೂ ಹೇಳಿಲ್ಲ! ಜನರ ವೈಯಕ್ತಿಕ, ಸಮುದಾಯ, ಸಾಂಸ್ಕೃತಿಕ, ಧಾರ್ಮಿಕ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಿ, ಮೂರು ತಿಂಗಳೊಳಗೆ ಅವು ತೀರ್ಮಾನಿಸಲಿ, ಜಿಲ್ಲಾ ನ್ಯಾಯಾಧೀಶರ ದರ್ಜೆಯ ಅಧಿಕಾರಿ ವೀಕ್ಷಕರಾಗಿರಲಿ, ಆಮೇಲೆ ಸಚಿವಾಲಯ ಅಂತಿಮ ನಿರ್ಧಾರ ಕೈಗೊಳ್ಳಲಿ ಎಂದಿತು.

5. ತೀರ್ಪು ಮುಗಿಯಿತೆಂದು ಕಡತ ಕಟ್ಟಿಡಬೇಡಿ. 2013ರ ಜುಲೈ, ಆಗಸ್ಟ್‌ನ ಮಳೆಗಾಲದಲ್ಲಿ ರಾಯಗಡ ಜಿಲ್ಲೆಯ 7, ಕಾಲಾಹಂಡಿಯ 5 ಹಳ್ಳಿಗಳಲ್ಲಿ ಗ್ರಾಮಸಭೆ ಸೇರಿತು. ರಾಜ್ಯ ಸರ್ಕಾರ 12 ಹಳ್ಳಿಗಳನ್ನಷ್ಟೇ ಆರಿಸಿದ್ದಕ್ಕೆ ಆಗಲೇ ಆಕ್ಷೇಪ ಎದ್ದಿತ್ತು, ಅದನ್ನೂ ಬರೆದುಕೊಳ್ಳಿ. 2014ರ ಜನವರಿಯಲ್ಲಿ ಸಚಿವಾಲಯ ಅನುಮತಿ ನಿರಾಕರಿಸಿತು. 2016ರಲ್ಲಿ ಗ್ರಾಮಸಭೆಗಳನ್ನು ಮತ್ತೆ ಸೇರಿಸಬೇಕೆಂಬ ಗಣಿ ನಿಗಮದ ಕೋರಿಕೆ ಸುಪ್ರೀಂ ಕೋರ್ಟಿಗೆ ಹೋಯಿತು, ಕೋರ್ಟ್ ಒಪ್ಪಲಿಲ್ಲ. ಮೊದಲ ಪುಟದಲ್ಲಿ ಹೆಸರೇ ಇಲ್ಲದಿದ್ದವರ ಮಾತು ಬೇಕಿದ್ದರೆ ಆ ಗ್ರಾಮಸಭೆಗಳ ನಿರ್ಣಯಗಳನ್ನು ನೋಡಬೇಕು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು.