ಹಲ್ಲಿ ತರುವ ಮೊದಲು ಗೂಡು ಸಿದ್ಧವಿರಲಿ

ಹಲ್ಲಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಆಮೇಲೆ ಟ್ಯಾಂಕಿನ ವೈರು ಜೋಡಿಸಲು ಕೂರುತ್ತೀರಲ್ಲ, ಅದನ್ನು ಕಂಡರೆ ಮೈ ಉರಿಯುತ್ತದೆ. ಲೆಪರ್ಡ್ ಗೆಕೊ ಎಂಬ ಈ ಸಾಕುಹಲ್ಲಿ ಬರುವ ಎರಡು ದಿನ ಮುಂಚೆಯೇ ಟ್ಯಾಂಕಿನ ಶಾಖ ಹದಕ್ಕೆ ಬಂದು ನಿಂತಿರಬೇಕು. ಹೀಟ್ ಮ್ಯಾಟ್, ಅಂದರೆ ಕರೆಂಟಿನಿಂದ ಬಿಸಿಯಾಗುವ ತೆಳು ಹಾಸು, ಒಂದೇ ಪಕ್ಕಕ್ಕೆ, ತಳದ ಮೂರನೇ ಒಂದು ಭಾಗಕ್ಕೆ ಮಾತ್ರ. ಆ ಬೆಚ್ಚಗಿನ ಕಡೆ ಹಲ್ಲಿ ಅಡಗುವ ಗೂಡಿನ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 24ರಿಂದ 26. ಗಾಜಿಗೆ ಅಂಟಿಸುವ ದುಂಡನೆಯ ಮೀಟರ್ ನಂಬಬೇಡಿ, ಅದು ಹೇಳುವುದು ಗಾಳಿಯ ಶಾಖ. ವೈರಿನ ತುದಿಯಲ್ಲಿ ಶಾಖ ಅಳೆಯುವ ಪ್ರೋಬನ್ನು ಗೂಡಿನೊಳಗೆ ನೆಲಕ್ಕೆ ತಾಗಿಸಿಡಿ. ಶಾಖ ಹೆಚ್ಚಾದರೆ ತಾನೇ ಕರೆಂಟು ತಡೆಯುವ ಥರ್ಮೊಸ್ಟಾಟ್ ಇಲ್ಲದೆ ಮ್ಯಾಟ್ ಹಾಕಲೇಬೇಡಿ. ಹಿಂದೆಲ್ಲ ಕರೆಂಟಿನ ಬಿಸಿಕಲ್ಲು ಇಟ್ಟು ಸಾಕುತ್ತಿದ್ದರು, ಪಾಪ, ಅದರ ಮೇಲೆ ಮಲಗಿ ಹೊಟ್ಟೆ ಸುಟ್ಟುಕೊಂಡ ಹಲ್ಲಿಗಳು ಎಷ್ಟೋ. ನೆಲಕ್ಕೆ ಮರಳು ಬೇಡ, ಹುಳುವಿನ ಜೊತೆ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು. ಟಿಶ್ಯೂ ಹಾಸಿದರೆ ಹಿಕ್ಕೆ ಗಟ್ಟಿಯೋ ನೀರೋ ಎನ್ನುವುದೂ ಕಾಣುತ್ತದೆ.

ಇಷ್ಟನ್ನು ಹೇಗೋ ಮಾಡುತ್ತೀರಿ. ಪೊರೆ ಕಳಚಲು ಹಲ್ಲಿ ಹೊಕ್ಕುವ ತೇವದ ಗೂಡೊಂದನ್ನು ಮಾತ್ರ ಎಲ್ಲರೂ ಮರೆಯುತ್ತೀರಿ. ಅದಿಲ್ಲದಿದ್ದರೆ ಪೊರೆ ಪೂರ್ತಿ ಕಳಚುವುದಿಲ್ಲ. ಬೆರಳ ತುದಿಯಲ್ಲಿ ಉಳಿದದ್ದು ಒಣಗಿ ದಾರ ಬಿಗಿದಂತೆ ಬಿಗಿದು, ರಕ್ತ ಓಡದೆ ಬೆರಳೇ ಉದುರಬಹುದು. ಹಲ್ಲಿ ಒಳಗೆ ಆರಾಮಾಗಿ ತಿರುಗುವಷ್ಟು ದೊಡ್ಡ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಳ್ಳಿ. ಬಾಗಿಲನ್ನು ಪಕ್ಕದಲ್ಲಿ, ತಳದಿಂದ ಎರಡು ಬೆರಳು ಮೇಲೆ ಕೊರೆಯಿರಿ. ತಳಕ್ಕೇ ಕೊರೆದರೆ ಒಳಗಿನ ತೇವವೆಲ್ಲ ಹೊರಗೆ. ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಒಂದಿಷ್ಟು ಹತ್ತಿಯನ್ನು ಅದರ ಸುತ್ತ ಎಳೆಯಿರಿ. ಒಂದೇ ಒಂದು ಎಳೆ ಸಿಕ್ಕಿಕೊಂಡರೂ ಮತ್ತೆ ತಿಕ್ಕಿ. ಹತ್ತಿಯನ್ನು ಹಿಡಿಯುವ ಅಂಚು ಹೊಟ್ಟೆಯ ಚರ್ಮವನ್ನೂ ಗೀರುತ್ತದೆ. ಟಿಶ್ಯೂವನ್ನು ನೆನೆಸಿ, ಮುಷ್ಟಿಯಲ್ಲಿ ಇನ್ನೊಂದು ಹನಿ ಬೀಳದಂತೆ ಹಿಂಡಿ, ಮತ್ತೆ ಬಿಡಿಸಿ ಸಡಿಲವಾಗಿ ತುಂಬಿ. ಮುಟ್ಟಿದರೆ ಬೆರಳಿಗೆ ತಣ್ಣಗೆನಿಸಬೇಕು, ನೀರು ಹತ್ತಬಾರದು. ಡಬ್ಬಿಯನ್ನು ಅರ್ಧ ಮ್ಯಾಟಿನ ಮೇಲೆ, ಅರ್ಧ ಹೊರಗೆ ಇಡಿ. ಮುಚ್ಚಳದೊಳಗೆ ಹನಿಗಟ್ಟಿದರೆ ನೀರು ಹೆಚ್ಚಾಯಿತು ಎಂದೇ ತಿಳಿಯಿರಿ. ಎರಡು ದಿನಕ್ಕೊಮ್ಮೆ ಟಿಶ್ಯೂ ಬದಲಿಸಿ, ಇಲ್ಲವಾದರೆ ಮುಗ್ಗಲು ವಾಸನೆ. ಟ್ಯಾಂಕು ಒರೆಸುವ ಬಟ್ಟೆ ಅಡುಗೆಮನೆಗೆ ಬರಲೇಬಾರದು, ಹಲ್ಲಿಯ ಹಿಕ್ಕೆಯಲ್ಲಿ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ತಂದ ದಿನ ಹಲ್ಲಿ ಬಂದ ಡಬ್ಬಿಯನ್ನು ಟ್ಯಾಂಕಿನೊಳಗಿಟ್ಟು ಮುಚ್ಚಳ ತೆಗೆದರೆ ಸಾಕು, ಅದಾಗಿಯೇ ಹೊರಬರುತ್ತದೆ. ಬಾಲ ಹಿಡಿದೆಳೆದರೆ ಕಳಚಿ ಬೀಳುತ್ತದೆ, ಮತ್ತೆ ಬೆಳೆಯುವುದು ಮೊಂಡು ಬಾಲ. ಗಾಜಿನ ಮೂರು ಕಡೆಗೆ ಕಾಗದ ಅಂಟಿಸಿ. ಒಂದು ವಾರ ನೀರು ಬದಲಿಸುವುದು, ಹಿಕ್ಕೆ ತೆಗೆಯುವುದು, ಸಂಜೆ ಹುಳು ಹಾಕುವುದು, ಅಷ್ಟೇ. ಎತ್ತುವುದೂ ಬೇಡ, ಗಾಜು ಬಡಿಯುವುದೂ ಬೇಡ. ಚಿಮ್ಮಂಡೆಗಳನ್ನು ಕ್ಯಾಲ್ಸಿಯಂ ಪುಡಿಯಲ್ಲಿ ಅಲುಗಿಸಿ, ಎರಡೋ ಮೂರೋ ಬಿಡಿ; ಹಲ್ಲಿಯ ಎರಡು ಕಣ್ಣುಗಳ ನಡುವಿನ ಜಾಗಕ್ಕಿಂತ ಹುಳು ಅಗಲವಿರಬಾರದು. ತಿನ್ನದೆ ಬಿಟ್ಟದ್ದನ್ನು ಮಲಗುವ ಮುಂಚೆ ಹೆಕ್ಕಿ ತೆಗೆಯಿರಿ, ಇಲ್ಲದಿದ್ದರೆ ರಾತ್ರಿ ಅವೇ ಹಲ್ಲಿಯನ್ನು ಕಚ್ಚುತ್ತವೆ. ಮೊದಲ ಕೆಲವು ದಿನ ತಿನ್ನದಿದ್ದರೆ ಗಾಬರಿಯಾಗಿ ಬಾಯಿಗೆ ತುರುಕಬೇಡಿ, ಅದರ ಬುತ್ತಿ ಬಾಲದ ಕೊಬ್ಬಿನಲ್ಲಿದೆ. ಬಾಲ ಸೊರಗತೊಡಗಿತೋ, ಅಂದೇ ಸರೀಸೃಪಗಳನ್ನು ನೋಡುವ ಪಶುವೈದ್ಯರ ಬಳಿಗೆ ಒಯ್ಯಿರಿ, ಜೊತೆಗೆ ಹೊಸ ಹಿಕ್ಕೆಯನ್ನೂ ಒಂದು ಡಬ್ಬಿಯಲ್ಲಿ ಹಾಕಿಕೊಂಡು.